ಪಹಣಿಯಲ್ಲಿ ರಾಗಿ, ಹೊಲದಲ್ಲಿ ಸೇವಂತಿಗೆ

2020ರ ಯುಗಾದಿ ಬಿದ್ದಿದ್ದು ಮಾರ್ಚ್ 25ಕ್ಕೆ. ಅವತ್ತೇ ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾಯಿತು. ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು 30 ಗುಂಟೆ, ಅಂದರೆ ಮುಕ್ಕಾಲು ಎಕರೆ ಸೇವಂತಿಗೆ. ಹಬ್ಬದ ರೇಟು ಸಿಗಲಿ ಎಂದು ದಿನ ಲೆಕ್ಕ ಹಾಕಿಯೇ ನಾಟಿ ಮಾಡಿದ್ದೆವು. ಹೂವು ಬಂತು, ಕೊಳ್ಳುವವರು ಬರಲಿಲ್ಲ. ಕೀಳದೆ ಬಿಡೋಣವೆಂದರೆ ಗಿಡದಲ್ಲೇ ಕೊಳೆತು ಮುಂದಿನ ಮೊಗ್ಗೂ ಹಾಳಾಗುತ್ತದೆ. ಮನೆಯವರೆಲ್ಲ ಸೇರಿ ಕಿತ್ತೆವು, ತಿಪ್ಪೆಗೆ ಸುರಿದೆವು. ಮೂರನೇ ದಿನಕ್ಕೆ ಹಳದಿ ಹೋಗಿ ಕಂದು ಬಣ್ಣ ಬಂತು. ರಾಶಿಯೊಳಗೆ ಕೈ ಇಟ್ಟರೆ ಬಿಸಿ. ಆ ವಾಸನೆ ನನಗೆ ಇನ್ನೂ ಮರೆತಿಲ್ಲ.

ಮೇ 6ಕ್ಕೆ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಹೂವಿಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿನವರೆಗೆ ಮಾತ್ರ. ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ನನ್ನ ಪಾಲಿಗೆ ಏಳೂವರೆ ಸಾವಿರ. ಸಸಿ, ಗೊಬ್ಬರ, ಔಷಧಿ ಖರ್ಚಿಗೆ ಅದು ಯಾವ ಮೂಲೆಗೂ ಸಾಲದು. ಆದರೆ ಆ ತಿಂಗಳು ಮನೆಯಲ್ಲಿ ಬೇರೆ ದುಡ್ಡೇ ಇರಲಿಲ್ಲ.

ಪಟ್ಟಿ ನೋಡಿದರೆ ನನ್ನ ಹೆಸರಿಲ್ಲ. ಯಾಕೆ ಅಂತ ಕೇಳಿದಾಗ ಗೊತ್ತಾಯಿತು, ಬೆಳೆ ಸಮೀಕ್ಷೆಯಲ್ಲಿ ನಮ್ಮ ಸರ್ವೆ ನಂಬರಿಗೆ 'ರಾಗಿ' ಎಂದು ಬರೆದಿದ್ದಾರೆ. ಸಮೀಕ್ಷೆಗೆ ಬಂದವರು ನಮ್ಮ ಹೊಲಕ್ಕೆ ಇಳಿದೇ ಇರಲಿಲ್ಲ. ನನಗೆ ತುಂಬಾ ಸಂಕಟವಾಯಿತು. ತಪ್ಪು ನಮ್ಮದೂ ಇತ್ತು ಅಂತ ಈಗ ಅನ್ನಿಸುತ್ತದೆ. ಪಹಣಿಯ ಬೆಳೆ ಕಾಲಂ ಅನ್ನು ಅಲ್ಲಿಯವರೆಗೆ ನಾನು ಒಂದು ಸಲವೂ ಓದಿರಲಿಲ್ಲ.

ಸುಮ್ನೆ ಕೂರಲಿಲ್ಲ. ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಇಟ್ಟು, ಹೂವು ಬೆಳೆದಿದ್ದೇನೆ ಎಂದು ನಾನೇ ಬರೆದುಕೊಟ್ಟು ತೋಟಗಾರಿಕೆ ಇಲಾಖೆಗೆ ಅರ್ಜಿ ಹಾಕಿದೆ. ಪಹಣಿ ಜಂಟಿ ಹೆಸರಿನಲ್ಲಿತ್ತು, ತಮ್ಮನ ಒಪ್ಪಿಗೆ ಪತ್ರವೂ ಬೇಕಾಯಿತು. ತಿಪ್ಪೆ ಮುಂದೆ ನಿಂತು ತೆಗೆದ ಫೋಟೋ ಫೋನಿನಲ್ಲಿತ್ತು, ಅದನ್ನೂ ತೋರಿಸಿದೆ. ಅಧಿಕಾರಿಗಳು ಬಂದು ಗಿಡ ನೋಡಿಕೊಂಡು ಹೋದರು.

ಹೆಸರು ಸೇರಿತು, ಆದರೂ ದುಡ್ಡು ಕಾಣಲಿಲ್ಲ. ಒಂದು ವಾರ ಅಲೆದ ಮೇಲೆ ತಿಳಿಯಿತು, ದುಡ್ಡು ನನ್ನ ಬೇರೊಂದು ಹಳೇ ಖಾತೆಗೆ ಬಂದು ಕೂತಿದೆ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿರುವುದೇ ಬೇರೆ, ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಮ್ಯಾಪಿಂಗ್ ಅಂದರೆ ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ನಮ್ಮ ಆಧಾರ್ ನಂಬರಿಗೆ ಒಂದು ಖಾತೆ ಜೋಡಿಸುವುದು. ಆಧಾರ್ ಮೂಲಕ ಬರುವ ಸರ್ಕಾರದ ದುಡ್ಡು ಮ್ಯಾಪ್ ಆಗಿರುವ ಒಂದೇ ಖಾತೆಗೆ ಹೋಗುತ್ತದೆ. ಅದು ಯಾವುದು ಎಂದು ಮೊದಲೇ ಕೇಳಿ ಇಟ್ಟುಕೊಳ್ಳಿ.

ಅದೇ ವರ್ಷದ ಮುಂಗಾರಿಗೆ ರೈತರೇ ಬೆಳೆ ದಾಖಲಿಸುವ ಆ್ಯಪ್ ಬಂತು. ಬದುವಿನ ಮೇಲಲ್ಲ, ಗಿಡಗಳ ಮಧ್ಯೆ ನಿಂತು ಫೋಟೋ ತೆಗೆಯುತ್ತೇನೆ. ಜಿಪಿಎಸ್ ಸರ್ವೆ ನಂಬರಿನೊಳಗೆ ತೋರಿಸಬೇಕಲ್ವಾ. ಆಮೇಲೆ ಪಹಣಿ ತೆಗೆಸಿ ಬೆಳೆ ಕಾಲಂ ಓದುತ್ತೇನೆ. 2021ರ ಎರಡನೇ ಅಲೆಯಲ್ಲಿ ಹೂವಿಗೆ ಹೆಕ್ಟೇರಿಗೆ 10,000 ಕೊಟ್ಟರು. ನನಗೆ ಬಂದಿದ್ದು ಮೂರು ಸಾವಿರ ಚಿಲ್ಲರೆ, ಆದರೆ ಯಾವ ಕಚೇರಿಯ ಮೆಟ್ಟಿಲೂ ಹತ್ತದೆ ಬಂತು.

ಮನಸ್ಸಿಗೆ ಕೊರೆಯುವುದು ಪಕ್ಕದ ಹೊಲದವರದು. ಅವರದು ಗುತ್ತಿಗೆ ಜಮೀನಿನಲ್ಲಿ ಗುಲಾಬಿ. ನಷ್ಟ ಅವರದು, ಪಹಣಿ ಮಾಲೀಕರದು, ಹಾಗಾಗಿ ದುಡ್ಡೂ ಮಾಲೀಕರ ಖಾತೆಗೇ ಹೋಯಿತು. ಕೇಳಿದ ಮೇಲೆ ಅರ್ಧ ಕೊಟ್ಟರಂತೆ. ಕಳೆದ ಸಲ ಅವರ ಗುತ್ತಿಗೆ ಕರಾರು ಬರೆಯುವಾಗ ನಾನೂ ಹೋಗಿ ಕೂತೆ. 'ಬೆಳೆ ಪರಿಹಾರ ಬಂದರೆ ಅದು ಬೆಳೆದವರಿಗೆ ಸೇರತಕ್ಕದ್ದು' ಎಂದು ಒಂದು ಸಾಲು ಸೇರಿಸಿದೆ. ಮಾಲೀಕರು ಎರಡು ಸಲ ಓದಿ ಸಹಿ ಹಾಕಿದರು.