ಎಬಿಎಸ್ ಯೂನಿಟ್ ಬದಲಿಸಿ ಅಂದರು, ನಾನು ಚಕ್ರಗಳ ವೇಗ ಓದಿದೆ

ಎಂಜಿನ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಓದೋದು ದೊಡ್ಡ ವಿಷಯವೇ ಅಲ್ಲ. ಕಾರಿನ ಒಬಿಡಿ ಸಾಕೆಟ್‌ಗೆ (ತಪಾಸಣೆಗೆಂದೇ ಇರುವ ಸಾಕೆಟ್) ಅಡಾಪ್ಟರ್ ಸಿಕ್ಕಿಸಿ ಯಾವ ಆ್ಯಪ್ ತೆರೆದರೂ ಆರ್‌ಪಿಎಂ, ಕೂಲಂಟ್ ಬಿಸಿ ಬಂದೇ ಬರುತ್ತೆ. ಎಬಿಎಸ್ ಮಾಡ್ಯೂಲ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಕಂಪ್ಯೂಟರ್) ಮಾತ್ರ ಆ ಆ್ಯಪ್‌ಗಳ ಮುಂದೆ ಬಾಯಿ ಬಿಡಲ್ಲ. "ಅದಕ್ಕೆ ಕಂಪನಿ ಸ್ಕ್ಯಾನರೇ ಬೇಕು, ಇಎಲ್‌ಎಂ327ರಲ್ಲಿ ಆಗೋ ಕೆಲಸ ಅಲ್ಲ ಬಿಡಿ" ಅಂತ ಬಲ್ಲವರೇ ಹೇಳಿದ್ದರು. ಇಎಲ್‌ಎಂ327 ಅಂದರೆ ಈ ಅಗ್ಗದ ಅಡಾಪ್ಟರ್‌ಗಳ ಒಳಗಿನ ಚಿಪ್. ಆಗುತ್ತೆ. ನನಗೆ ಆಯಿತು.

ಕಾರಿನ ಕಾಯಿಲೆ ಇಷ್ಟೇ: ನಿಧಾನವಾಗಿ ನಿಲ್ಲಿಸುವಾಗ ಬ್ರೇಕ್ ಪೆಡಲ್ ಗಡಗಡ ಅನ್ನೋದು, ಒಮ್ಮೊಮ್ಮೆ ಎಬಿಎಸ್ ದೀಪ. ಹಿಂದಿನ ಎಡ ಚಕ್ರಕ್ಕೆ ವೇಗ ಅಳೆಯುವ ಹೊಸ ಸೆನ್ಸರ್ ಹಾಕಿಸಿದ್ದೂ ಆಯಿತು, ದೀಪ ಆರಲಿಲ್ಲ. ಇನ್ನು ಎಬಿಎಸ್ ಯೂನಿಟ್ಟನ್ನೇ ಬದಲಿಸಬೇಕು ಅಂದರು ಗ್ಯಾರೇಜಿನವರು. ಅದರ ಬೆಲೆಯಲ್ಲಿ ನನ್ನ ಹತ್ತಿರ ಇರುವಂಥ ಅಡಾಪ್ಟರ್ ಒಂದು ಮೂಟೆ ಬರುತ್ತೆ. ಕೆಟ್ಟಿದೆ ಅಂತ ಅಂಕಿಯಲ್ಲಿ ತೋರಿಸಿ, ಆಮೇಲೆ ದುಡ್ಡು ಬಿಚ್ಚುತ್ತೇನೆ ಅಂದೆ. ತೋರಿಸುವವರು ಯಾರೂ ಇರಲಿಲ್ಲ.

ಮೊದಲು ಮೀಟರ್. ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಸುಮಾರು 60 ಓಮ್, ಅಂದರೆ ಕ್ಯಾನ್ ಬಸ್‌ನ (ಮಾಡ್ಯೂಲ್‌ಗಳು ಮಾತಾಡಿಕೊಳ್ಳುವ ಜೋಡಿ ತಂತಿ) ಎರಡೂ ತುದಿಯ ರೆಸಿಸ್ಟರ್ ಸರಿಯಾಗಿವೆ. 7ನೇ ಪಿನ್ ಜಾಗ ಖಾಲಿ, ಹಾಗಾಗಿ ಮೂಲೆಯಲ್ಲಿದ್ದ ಕೆ-ಲೈನ್ (7ನೇ ಪಿನ್ ಬಳಸುವ ಹಳೆಯ ಸಂಪರ್ಕ) ಕೇಬಲ್ ಮೂಲೆಯಲ್ಲೇ ಉಳಿಯಿತು.

ದುಡ್ಡು ನುಂಗಿದ್ದು ನಕಲಿ ಅಡಾಪ್ಟರ್‌ಗಳು. ಆವೃತ್ತಿ ಕೇಳಿದರೆ ಧೈರ್ಯವಾಗಿ 2.1 ಅನ್ನುತ್ತವೆ, ಫ್ಲೋ ಕಂಟ್ರೋಲ್ ಹೆಡರ್ (‘ಉಳಿದದ್ದು ಕಳಿಸು’ ಅನ್ನುವ ಸಂದೇಶದ ವಿಳಾಸ) ಬದಲಿಸು ಅಂದರೆ ಪ್ರಶ್ನಾರ್ಥಕ ಚಿಹ್ನೆ ಉಗುಳುತ್ತವೆ. ಕೈಬದಲಾಗಿ ಬಂದ ಯುಎಸ್‌ಬಿ ಅಡಾಪ್ಟರ್ ಒಂದು ಎಲ್ಲ ಆಜ್ಞೆಗೂ ಓಕೆ ಅಂದಮೇಲೇ ಕೆಲಸ ಮುಂದೆ ಸಾಗಿದ್ದು. ಬ್ಲೂಟೂತ್ ಬೇಡ, ಅದರ ತಡ ತಾಳುವ ಸಹನೆ ನನಗಿಲ್ಲ. ಎಫ್‌ಟಿಡಿಐ ಚಿಪ್ ಇರುವ ಯುಎಸ್‌ಬಿ ಅಡಾಪ್ಟರ್ ಆದರೆ ಸೀರಿಯಲ್ ಡ್ರೈವರ್‌ನ ಲೇಟೆನ್ಸಿ (ಉತ್ತರವನ್ನು ಹಿಡಿದಿಡುವ ಸಮಯ) 16 ಮಿಲಿಸೆಕೆಂಡ್ ಇರುತ್ತೆ, 1ಕ್ಕೆ ಇಳಿಸಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಎಬಿಎಸ್ ವಿಳಾಸ ಹುಡುಕೋಕೆ 700ರಿಂದ (ಇಲ್ಲಿನ ಐಡಿ, ಆಜ್ಞೆಗಳೆಲ್ಲ ಹೆಕ್ಸ್, ಅಂದರೆ ಹದಿನಾರರ ಎಣಿಕೆ) ಶುರುಮಾಡಿ ಪ್ರತಿ ಐಡಿಗೂ ‘ನಾನಿಲ್ಲಿದ್ದೇನೆ’ ಅನ್ನುವ 3ಇ 00 ಕಳಿಸಿದೆ. ಎಂಜಿನ್ ಬಿಟ್ಟರೆ ಎಲ್ಲೆಡೆ ಮೌನ. ಬಹಳ ಜನ ಕೈಬಿಡೋದು ಇಲ್ಲೇ. ಮಾಡ್ಯೂಲ್ ಉತ್ತರ ಕೊಡುತ್ತಲೇ ಇರುತ್ತೆ. ಆದರೆ ಅಡಾಪ್ಟರ್ ತಾನಾಗಿ 7ಇ8ರಿಂದ 7ಇಎಫ್‌ವರೆಗಿನದನ್ನಷ್ಟೇ ಕೇಳಿಸಿಕೊಂಡು ಉಳಿದದ್ದನ್ನು ಎಸೆಯುತ್ತೆ. ಫಿಲ್ಟರ್ ತೆರೆದದ್ದೇ ತಡ, ಒಂದೊಂದಾಗಿ ಮಾಡ್ಯೂಲ್‌ಗಳು ಎದ್ದವು. ಕಳಿಸಿದ ಐಡಿಗೆ 8 ಕೂಡಿಸಿದರೆ ಉತ್ತರದ ಐಡಿ ಅನ್ನೋ ನಂಬಿಕೆಯನ್ನೂ ಬಿಡಿ. ಕೆಲವು ಕಂಪನಿಗಳ ಲೆಕ್ಕವೇ ಬೇರೆ.

ಆಮೇಲೆ 22 ಸೇವೆಯಲ್ಲಿ (ಮಾಹಿತಿ ಓದುವ ಆಜ್ಞೆ) 0000ದಿಂದ ಕೊನೆವರೆಗೆ, 65,536 ಗುರುತುಗಳನ್ನೂ (ಒಂದೊಂದು ಮಾಹಿತಿಗೆ ಒಂದೊಂದು ಸಂಖ್ಯೆ) ಕೇಳಿಸಿದೆ. ಇಲ್ಲದ್ದಕ್ಕೆ 7ಎಫ್ 22 31, ಬೀಗ ಹಾಕಿದ್ದಕ್ಕೆ 33. ಸೆಕೆಂಡಿಗೆ ಇಪ್ಪತ್ತರ ಆಸುಪಾಸಿನಲ್ಲಿ ಹೋಗಿ ಗಂಟೆ ಹಿಡಿಯಿತು. ಬ್ಯಾಟರಿಗೆ ಚಾರ್ಜರ್ ಹಾಕದೆ ಇದಕ್ಕೆ ಕೈ ಹಾಕಬೇಡಿ, ವೋಲ್ಟೇಜ್ ಇಳಿದರೆ ಇಲ್ಲದ ಕೋಡ್‌ಗಳೆಲ್ಲ ಹುಟ್ಟಿಕೊಳ್ಳುತ್ತವೆ. ಉದ್ದದ ಉತ್ತರಗಳು ಮೊದಲ ಫ್ರೇಮ್‌ಗೇ (ತುಂಡಿಗೇ) ನಿಂತುಬಿಡುತ್ತಿದ್ದವು. ಫ್ಲೋ ಕಂಟ್ರೋಲ್ ಹೆಡರನ್ನು ಎಬಿಎಸ್ ಐಡಿಗೆ ಕಟ್ಟಿ 30 00 00 ಕೊಟ್ಟ ಮೇಲೆ ಪೂರ್ತಿ ಬಂದವು.

ಉತ್ತರಿಸಿದ ಗುರುತುಗಳು ನೂರಕ್ಕೂ ಹೆಚ್ಚು. ಚಕ್ರದ ವೇಗ ಯಾವುದರಲ್ಲಿದೆ? ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಒಂದೊಂದೇ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿದೆ. ಅಷ್ಟರಲ್ಲಿ ಅಲುಗುವ ಬೈಟ್ ಹಿಡಿಯೋಕೆ ನನ್ನದೊಂದು ಪುಟ್ಟ ಸ್ಕ್ರಿಪ್ಟ್ ಇದೆ. ಅದನ್ನು ಇಲ್ಲಿ ಹಾಕಲ್ಲ, ರಾತ್ರಿಗಟ್ಟಲೆ ಕೂತು ಬರೆದದ್ದು. ಒಂದೇ ಗುರುತಿನಲ್ಲಿ 8 ಬೈಟ್, ಚಕ್ರಕ್ಕೆ ಎರಡರಂತೆ. 100ರಿಂದ ಭಾಗಿಸಿದರೆ ಎಂಜಿನ್‌ನಿಂದ ಕಾರಿನ ವೇಗ ಕೇಳುವ 010ಡಿ ಆಜ್ಞೆ ಕೊಡುವ ವೇಗಕ್ಕೆ ತಾಳೆ.

ಬಲಚಕ್ರ ತಿರುಗಿಸಿದಾಗ ಅಂಕಿ ಏರಿತು. ಎಡಚಕ್ರದ್ದು ಸೊನ್ನೆಯಿಂದ ಏಳಲೇ ಇಲ್ಲ. ರಸ್ತೆಯಲ್ಲಿ ಗೆಳೆಯ ಓಡಿಸಿದ, ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ. ನಲವತ್ತರಲ್ಲಿ ನಾಲ್ಕೂ ಒಂದೇ ಗೆರೆ. ಹದಿನೈದರ ಹತ್ತಿರ ಇಳಿದಾಗ ಹಿಂದಿನ ಎಡ ಮಾತ್ರ ದೊಪ್ಪನೆ ಸೊನ್ನೆಗೆ. ಚಕ್ರ ಜಾಮ್ ಆಯಿತು ಅಂದುಕೊಂಡು ಎಬಿಎಸ್ ಪೆಡಲ್ ನಡುಗಿಸುತ್ತಿದ್ದದ್ದು ಇದಕ್ಕೇ. ಯೂನಿಟ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಈ ಕಾರಿನಲ್ಲಿರುವುದು ಎರಡು ತಂತಿಯ ಕಾಯಿಲ್ ಸೆನ್ಸರ್. ವೇಗ ಇಳಿದಂತೆ ಅದರ ವೋಲ್ಟೇಜೂ ಇಳಿಯುತ್ತೆ, ಹಲ್ಲಿನ ರಿಂಗ್‌ನಿಂದ ಸ್ವಲ್ಪ ದೂರ ಸರಿದರೂ ಕಡಿಮೆ ವೇಗದಲ್ಲಿ ಸಿಗ್ನಲ್ ಮಾಯ. ಬಿಚ್ಚಿದರೆ, ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿ ಹೊಸ ಸೆನ್ಸರನ್ನೂ ಮೇಲೆತ್ತಿ ಕೂರಿಸಿತ್ತು. ಮರಳು ಕಾಗದದಲ್ಲಿ ಉಜ್ಜಿದೆ. ಖರ್ಚು ಆ ಕಾಗದದ್ದು. ಅಡಾಪ್ಟರ್‌ಗಳಿಗೆ ಸುರಿದದ್ದನ್ನೆಲ್ಲ ಸೇರಿಸಿದರೂ ಯೂನಿಟ್ ಬೆಲೆಯ ಹತ್ತರಲ್ಲೊಂದು ಪಾಲು ಆಗಿರಲಿಕ್ಕಿಲ್ಲ.

ನಡುವೆ ಇನ್ನೊಂದು ನೋಡಿದೆ. ಕಾರು ನಿಲ್ಲಿಸಿದ ಮೇಲೂ ಅಡಾಪ್ಟರ್ ಸುಮಾರು 40 ಮಿಲಿಆಂಪ್ ಎಳೆಯುತ್ತೆ, ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್-ಅವರ್. 16ನೇ ಪಿನ್‌ಗೆ ಯಾವಾಗಲೂ ಕರೆಂಟ್ ಇರುತ್ತಲ್ಲ. ಕಿತ್ತಿಡಿ. ಅಡಾಪ್ಟರ್ ಹೇಳುವ ಬ್ಯಾಟರಿ ವೋಲ್ಟೇಜನ್ನೂ ನಂಬಬೇಡಿ, ನನ್ನದು ಮೀಟರ್‌ಗಿಂತ 0.3ರಷ್ಟು ಕಡಿಮೆ ಹೇಳುತ್ತಿತ್ತು.

ಮಾಡುವವರಿಗೆ ಒಂದು ಮಾತು: 22 ಮತ್ತು 19 ಓದುವ ಸೇವೆಗಳು, ಅಲ್ಲೇ ಇರಿ. 2ಇ (ಬರೆಯುವ), 31 (ಕೆಲಸ ಮಾಡಿಸುವ) ಸೇವೆಗಳ ಕಡೆ ಬೆರಳು ಹೋಗಬಾರದು, ಅದೂ ಬ್ರೇಕ್ ಮಾಡ್ಯೂಲ್‌ನಲ್ಲಿ. ಕಾರು ಓಡುವಾಗ ಡಿಫಾಲ್ಟ್ ಸೆಷನ್ ಸಾಕು, ಹೆಚ್ಚಿನ ಅಧಿಕಾರದ ಸೆಷನ್ ತೆರೆಯುವ 10 03 ಬೇಡ. ಗೇಟ್‌ವೇಗೆ (ಸಾಕೆಟ್‌ಗೂ ಮಾಡ್ಯೂಲ್‌ಗಳಿಗೂ ನಡುವಿನ ಕಾವಲುಗಾರ) ಬೀಗ ಬಿದ್ದಿರುವ ಹೊಸ ಕಾರುಗಳಲ್ಲಿ ಈ ದಾರಿ ಸಾಕೆಟ್ ಹತ್ತಿರವೇ ಮುಗಿಯುತ್ತೆ. ಅದರ ಪ್ರಯೋಗ ಈಗಷ್ಟೇ ಶುರುವಾಗಿದೆ.