ಮೈ ಮೇಲೆ 27ರವರೆಗೆ ಎಣಿಸೋದು ಹೇಗೆ?

ಪಾಪುವಾ ನ್ಯೂಗಿನಿಯ ಸಾಂಡೌನ್ ಪ್ರಾಂತ್ಯದ ಗುಡ್ಡಗಾಡಲ್ಲಿರೋ ಓಕ್ಸಾಪ್ಮಿನ್ ಜನರ ಹಳೇ ಲೆಕ್ಕದಲ್ಲಿ ಮೈಯ ಭಾಗಗಳ ಹೆಸರೇ ಸಂಖ್ಯೆ. ಇದನ್ನ ಮಾಡಿ ನೋಡೋರು ಹೆಚ್ಚುಕಮ್ಮಿ ಎಲ್ಲರೂ ಒಂದೇ ಜಾಗದಲ್ಲಿ ಎಡವ್ತಾರೆ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ಒಂದು ಕೈ. ಹೆಬ್ಬೆರಳು 1, ಅಲ್ಲಿಂದ ಸಾಲಾಗಿ ಕಿರುಬೆರಳು 5. ನಮ್ಮಲ್ಲಿ ಗೆಣ್ಣು ಎಣಿಸುವಾಗ ಹೆಬ್ಬೆರಳು ಬರೀ ಮುಟ್ಟೋಕೆ ಇರುತ್ತೆ, ಇಲ್ಲಿ ಅದೇ ಮೊದಲ ಸಂಖ್ಯೆ, ಹಾಗಾಗಿ ಇನ್ನೊಂದು ಕೈಯ ತೋರುಬೆರಳಿಂದ ಮುಟ್ಟಿ ಎಣಿಸಿ. ಮಣಿಕಟ್ಟು 6, ಮುಂಗೈ 7, ಮೊಣಕೈ 8, ತೋಳು 9, ಭುಜ 10, ಕತ್ತಿನ ಪಕ್ಕ 11, ಕಿವಿ 12, ಕಣ್ಣು 13, ಮೂಗು 14.

ಈಗ ಆ ಕಡೆ ಇಳೀಬೇಕು. ಕಣ್ಣು 15, ಕಿವಿ 16, ಹೀಗೇ ಮಣಿಕಟ್ಟು 22. ಈ ಕಡೆ ಕಣ್ಣು 'ಕಿನಾ' ಆದ್ರೆ ಆ ಕಡೇದು 'ತಾನ್ ಕಿನಾ', ಆ 'ತಾನ್' ಬಿಟ್ರೆ 13, 15 ಎರಡೂ ಒಂದೇ ಆಗ್ಬಿಡುತ್ತೆ. ಇಲ್ಲೇ ಎಲ್ಲರೂ ಕೆಡಿಸೋದು: ಹತ್ತಿದ ದಾರೀಲೇ ವಾಪಸ್ ಇಳೀತಿದೀವಲ್ಲ ಅಂತ ಮಣಿಕಟ್ಟು ಆದ್ಮೇಲೆ ಸೀದಾ ಕಿರುಬೆರಳಿಗೆ ಹೋಗ್ತಾರೆ. ತಪ್ಪು. 22 ಆದ್ಮೇಲೆ ಹೆಬ್ಬೆರಳಿಗೆ ಹಾರಬೇಕು, ಅದು 23, ಆಮೇಲೆ ತೋರುಬೆರಳು 24, ಮಧ್ಯದ್ದು 25, ಉಂಗುರದ್ದು 26, ಕಿರುಬೆರಳು 27. ಡೌಟ್ ಬಂದ್ರೆ ಹೀಗೆ ಚೆಕ್ ಮಾಡಿ, ಮಣಿಕಟ್ಟಿಂದ ಕಣ್ಣಿನವರೆಗೆ ಎರಡೂ ಕಡೆ ಸಂಖ್ಯೆ ಕೂಡಿದ್ರೆ 28 ಬರ್ಬೇಕು (6 ಮತ್ತು 22, 13 ಮತ್ತು 15), ಬೆರಳಿಗೆ ಮಾತ್ರ ಈ ಲೆಕ್ಕ ಇಲ್ಲ, ಅಲ್ಲಿ ಆ ಕಡೇದು 22 ಜಾಸ್ತಿ. ಬರೀ ನಂಬರ್ ಹಾಕಿರೋ ಚಾರ್ಟ್ ಇಟ್ಕೊಂಡು ಕಲೀಲೇಬೇಡಿ, ಭಾಗದ ಹೆಸರು ಹೇಳ್ತಾ ಮುಟ್ಟಿದ್ರೇನೇ ಕೈಗೆ ಹತ್ತೋದು.

27 ಆಚೆಗೂ ಹೋಗ್ಬಹುದು, ಅದೇ ಕೈ ಮಣಿಕಟ್ಟಿಂದ ಮತ್ತೆ ಮೇಲೆ ಹತ್ತಿ.

ಕೂಡೋದು ಸ್ವಲ್ಪ ಕಷ್ಟ. 1978ರಿಂದ ಅಲ್ಲಿ ಅಧ್ಯಯನ ಮಾಡಿದ ಜೆಫ್ರಿ ಸ್ಯಾಕ್ಸ್, ಅಂಗಡಿ ವ್ಯಾಪಾರ, ದುಡ್ಡಿನ ಓಡಾಟ ಬಂದ್ಮೇಲೆ ಜನ ಕೂಡೋಕೆ ಹೊಸ ದಾರಿ ಕಂಡ್ಕೊಂಡಿದ್ದನ್ನ ದಾಖಲಿಸಿದಾರೆ. 7ಕ್ಕೆ 9 ಕೂಡ್ಬೇಕು ಅನ್ಕೊಳ್ಳಿ. ಮುಂಗೈ ಮುಟ್ಟಿ ನಿಲ್ಲಿ, ಮುಂದಿನ ಮೊಣಕೈಯನ್ನೇ 'ಹೆಬ್ಬೆರಳು' ಅಂತ ಕರೀರಿ, ತೋಳನ್ನ 'ತೋರುಬೆರಳು' ಅನ್ನಿ, ಹೀಗೇ ಹೋಗ್ತಾ 'ತೋಳು' ಅಂತ ಬಾಯಲ್ಲಿ ಬಂದ ತಕ್ಷಣ ನಿಲ್ಲಿಸಿ. ಬೆರಳು ಆ ಕಡೆ ಕಿವಿ ಮೇಲಿರುತ್ತೆ, ಅಂದ್ರೆ 16. ಮುಟ್ಟೋದು ಒಂದು, ಹೇಳೋದು ಇನ್ನೊಂದು ಆಗಿರೋದ್ರಿಂದ ಇದನ್ನ ಮಾತ್ರ ನಿಧಾನಕ್ಕೇ ಮಾಡಿ.