ಬೆಳಗಿನ ಜಾವದ ಕನಸುಗಳು ಕಾಡುತ್ತಿದ್ದರೆ

ಮುಂಬಯಿ ಬಳಿಯ ಡೊಂಬಿವಲಿಯಿಂದ ಬೆಳಗಿನ ಲೋಕಲ್ ರೈಲು ಹಿಡಿಯುವ ನಮ್ಮವರಿಗೆ: ಕಣ್ಣಿಗೆ ಕಟ್ಟಿದಂಥ ಕನಸುಗಳು ಕಾಡುತ್ತಿದ್ದರೆ, ಹತ್ತು ನಿಮಿಷಕ್ಕೊಮ್ಮೆ ಕೂಗುವ ಅಲಾರಂಗಳನ್ನು ತೆಗೆದುಹಾಕಿ, ಏಳಲೇಬೇಕಾದ ಹೊತ್ತಿಗೆ ಒಂದನ್ನೇ ಇಡಿ, ಮೊಬೈಲ್ ಕೈಗೆಟುಕದಷ್ಟು ದೂರವಿರಲಿ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ಕನಸಿನ ನಿದ್ರೆ ಇರುಳಿನ ಕೊನೆಯ ಭಾಗದಲ್ಲೇ ಹೆಚ್ಚು. ಅದರ ನಡುವೆ ಎಚ್ಚರವಾದಷ್ಟೂ ಕನಸು ನೆನಪಿನಲ್ಲಿ ಉಳಿಯುತ್ತದೆ. ಮೇ ತಿಂಗಳ ಸೆಕೆಯಲ್ಲಿ, ಅಥವಾ ತಡವಾಗಿ ಹೊಟ್ಟೆ ಬಿರಿಯುವಂತೆ ಉಂಡು ಮಲಗಿದ ದಿನ ಈ ಉಪಾಯ ಅಷ್ಟಾಗಿ ಫಲಿಸದು, ನಿದ್ರೆ ಹೇಗೂ ಮುರಿಯುತ್ತದೆ. ಹಲವು ದಿನ ನಿದ್ದೆಗೆಟ್ಟವರಿಗೂ ಅಷ್ಟೇ: ಬಾಕಿ ಉಳಿದ ಕನಸಿನ ನಿದ್ರೆಯನ್ನು ದೇಹ ಒಟ್ಟಿಗೆ ವಸೂಲಿ ಮಾಡಿಕೊಳ್ಳುತ್ತದೆ. ಪ್ರೊಪ್ರನೊಲಾಲ್‌ನಂಥ ರಕ್ತದೊತ್ತಡದ ಮಾತ್ರೆ, ಖಿನ್ನತೆಯ ಕೆಲವು ಔಷಧಗಳಿಂದಲೂ ಇಂಥ ಕನಸು ಬೀಳಬಹುದು. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.